ಪ್ರಯೋಗಾಲಯವಿಲ್ಲದ ಕಾಲೇಜಿನಲ್ಲಿ ಸಂಶೋಧನೆ

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ನಾನು ಗದಗ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೇನೆ. ಇತಿಹಾಸ ಮತ್ತು ಅರ್ಥಶಾಸ್ತ್ರ ನನ್ನ ವಿಷಯಗಳು. ನನ್ನ ಚಿಕ್ಕಪ್ಪನ ಮಗಳು ಹಾವೇರಿಯಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಳೆ, ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ಪರೀಕ್ಷೆಗೆ ಓದುವುದರಾಚೆ ಸ್ವಂತವಾಗಿ ಏನನ್ನಾದರೂ ಕಂಡುಹಿಡಿಯಬೇಕೆಂಬ ಆಸೆ ಇಬ್ಬರಿಗೂ ಇದೆ. ಆದರೆ ನಮ್ಮ ಕಾಲೇಜುಗಳಲ್ಲಿ ದೊಡ್ಡ ಉಪಕರಣಗಳಿಲ್ಲ, ಗ್ರಂಥಾಲಯದಲ್ಲಿ ಗೈಡುಗಳೇ ಹೆಚ್ಚು. ಸಂಶೋಧನೆ ಪಿಎಚ್.ಡಿ. ಮಾಡುವವರ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ನಾನು ‘ಗದಗ ಜಿಲ್ಲೆಯ ಇತಿಹಾಸ’ ಎಂದೂ ಅವಳು ‘ಬ್ಯಾಡಗಿ ಮೆಣಸಿನಕಾಯಿ’ ಎಂದೂ ವಿಷಯ ಆರಿಸಿಕೊಂಡಿದ್ದೇವೆ. ಮಾರ್ಗದರ್ಶಕರು ಎಲ್ಲಿ ಸಿಗುತ್ತಾರೆ? ಹಣ ಕಟ್ಟಿದರೆ ವಾರದಲ್ಲಿ ಲೇಖನ ಪ್ರಕಟಿಸಿ ಪ್ರಮಾಣಪತ್ರ ಕೊಡುತ್ತೇವೆ ಎಂಬ ಸಂದೇಶಗಳು ಮೊಬೈಲ್‌ಗೆ ಬರುತ್ತಿವೆ, ನಂಬಬಹುದೇ? ನಾಲ್ಕನೆಯ ವರ್ಷ ರದ್ದಾದ ಮೇಲೆ ಪದವಿ ಹಂತದಲ್ಲಿ ಸಂಶೋಧನೆಗೆ ಅವಕಾಶವೇ ಇಲ್ಲವೇ?

ಉತ್ತರ: ನಿಮ್ಮ ಕೊನೆಯ ಆತಂಕದಿಂದಲೇ ಆರಂಭಿಸುತ್ತೇನೆ, ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿಯ ಬದಲು 2024-25ರಿಂದ ಮೂರು ವರ್ಷಗಳ ಪದವಿ ಮರಳಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಚೌಕಟ್ಟಿನ ಪ್ರಕಾರ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯೊಂದಿಗೆ ಆನರ್ಸ್ ಪದವಿ ಪಡೆಯುವ ಅವಕಾಶ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡ 75 ಅಂಕ ಗಳಿಸಿದವರಿಗೆ ಮಾತ್ರ ಇತ್ತು. ಅದರಲ್ಲಿ ಸಂಶೋಧನೆಯ ಪಾಲು 12 ಕ್ರೆಡಿಟ್. ನೀವು ಕಳೆದುಕೊಂಡದ್ದು ಆ 12 ಕ್ರೆಡಿಟ್‌ಗಳನ್ನು. ಒಂದು ಸಂಗತಿಯನ್ನು ಶಿಸ್ತಿನಿಂದ ಹುಡುಕಿ ತಿಳಿಯಲು ಯಾವ ಆದೇಶವೂ ಬೇಕಾಗಿಲ್ಲ, ಯಾವ ಆದೇಶದಿಂದಲೂ ಅದು ರದ್ದಾಗುವುದಿಲ್ಲ.

ಸಂಶೋಧನೆ ಪಿಎಚ್.ಡಿ. ಮಾಡುವವರ ಸೊತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಪದವಿ ವಿದ್ಯಾರ್ಥಿಗಳನ್ನು ಅಧ್ಯಾಪಕರ ಸಂಶೋಧನೆಯಲ್ಲಿ ನೇರವಾಗಿ ತೊಡಗಿಸುವ ಕಾರ್ಯಕ್ರಮ 1969ರಲ್ಲೇ ಶುರುವಾಯಿತು. ಅಷ್ಟು ದೂರ ಹೋಗುವುದೂ ಬೇಡ. ಧಾರವಾಡದ ಶಂಬಾ ಜೋಶಿಯವರು ಶಾಲಾ ಮಾಸ್ತರರಾಗಿದ್ದವರು. ವಿಶ್ವವಿದ್ಯಾಲಯದ ಹುದ್ದೆಯಾಗಲಿ ಅನುದಾನವಾಗಲಿ ಇಲ್ಲದೆ ಕನ್ನಡ ಸಂಸ್ಕೃತಿಯ ಮೂಲಗಳನ್ನು ಜೀವನಪೂರ್ತಿ ಕೆದಕಿದರು. ಅವರ ಎಲ್ಲ ತೀರ್ಮಾನಗಳನ್ನೂ ಇಂದು ಒಪ್ಪಬೇಕಿಲ್ಲ. ಆದರೆ ನಮ್ಮ ಊರಿನಲ್ಲಿ ಹೀಗೆ ಕೆಲಸ ಮಾಡಿದವರಿದ್ದಾರೆ ಎಂಬುದನ್ನು ನೀವು ತಿಳಿದಿರಬೇಕು.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ ಸಂಗತಿಗೆ ಬರುತ್ತೇನೆ. ಉಪಕರಣ ಇಲ್ಲದ್ದು ನನಗೆ ದೊಡ್ಡ ತೊಂದರೆ ಎನಿಸಲಿಲ್ಲ. ‘ಗದಗ ಜಿಲ್ಲೆಯ ಇತಿಹಾಸ’, ‘ಬ್ಯಾಡಗಿ ಮೆಣಸಿನಕಾಯಿ’ ಎಂಬ ಎರಡು ಶೀರ್ಷಿಕೆಗಳೇ ತೊಂದರೆ. ಇವುಗಳ ಮೇಲೆ ನೀವು ಎಷ್ಟು ತಿಂಗಳು ದುಡಿದರೂ ಕೊನೆಗೆ ಕೈಯಲ್ಲಿ ಉಳಿಯುವುದು ಬೇರೆಯವರು ಬರೆದದ್ದರ ಸಂಗ್ರಹ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದಳು ಎಂದು ಇನ್ನೊಮ್ಮೆ ಬರೆದರೆ ಯಾರ ತಿಳಿವೂ ಹೆಚ್ಚುವುದಿಲ್ಲ. ವಿಷಯದಿಂದ ಪ್ರಶ್ನೆಗೆ ಇಳಿಯಬೇಕು. ‘ಹೌದು’, ‘ಇಲ್ಲ’, ‘ಇಷ್ಟು’ ಎಂದು ಉತ್ತರ ಹೇಳಬಹುದಾದ ಪ್ರಶ್ನೆ ಅದಾಗಿರಬೇಕು. ನಿಮ್ಮ ಬಸ್ಸು, ನಿಮ್ಮ ಕಿಸೆ, ನಿಮ್ಮ ಎರಡು ಸೆಮಿಸ್ಟರ್‌ಗಳ ಅಳತೆಗೆ ಅದು ಒಗ್ಗಬೇಕು. ಉತ್ತರ ಏನೆಂದು ಈಗಾಗಲೇ ಯಾರಿಗೂ ಗೊತ್ತಿರಬಾರದು.

ಇತಿಹಾಸದಿಂದ ಒಂದು ಉದಾಹರಣೆ ಕೊಡುತ್ತೇನೆ. ಭಾರತೀಯ ಪುರಾತತ್ವ ಇಲಾಖೆಯ ದಕ್ಷಿಣ ಭಾರತದ ಶಾಸನ ಸಂಪುಟಗಳಲ್ಲಿ 11, 15, 18 ಮತ್ತು 20ನೆಯವು ಮುಂಬೈ ಕರ್ನಾಟಕದ ಶಾಸನಗಳಿಗೆ ಮೀಸಲು. ಪ್ರತಿ ಶಾಸನದ ಪಾಠದ ಜೊತೆಗೆ ಅದು ಯಾವ ಊರಿನಲ್ಲಿ, ಎಲ್ಲಿ ನಿಂತಿದೆ ಎಂದೂ ಬರೆದಿರುತ್ತಾರೆ: ಹನುಮಂತ ದೇವರ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಇಂಥವರ ಹೊಲದಲ್ಲಿ. ಆ ನಕಲುಗಳನ್ನು ತೆಗೆದುಕೊಂಡು ಹಲವು ದಶಕಗಳೇ ಆದವು. ನಿಮ್ಮ ತಾಲೂಕಿನ ಹತ್ತು ಹಳ್ಳಿಗಳನ್ನು ಆರಿಸಿಕೊಳ್ಳಿ. ಸಂಪುಟದಲ್ಲಿ ದಾಖಲಾದ ಪ್ರತಿಯೊಂದು ಕಲ್ಲು ಇಂದು ಎಲ್ಲಿದೆ ಎಂದು ಹುಡುಕಿ. ಇದ್ದಲ್ಲೇ ಇದೆಯೇ? ಬೇರೆಡೆಗೆ ಸಾಗಿಸಿದ್ದಾರೆಯೇ? ಗುಡಿಯ ಜೀರ್ಣೋದ್ಧಾರದಲ್ಲಿ ಗೋಡೆಯೊಳಗೆ ಸೇರಿತೇ? ಎಣ್ಣೆ, ಬಣ್ಣ ಬಳಿದು ಅಕ್ಷರ ಮುಚ್ಚಿಹೋಗಿವೆಯೇ? ಸಿಗಲೇ ಇಲ್ಲವೇ? ಈ ಐದು ಉತ್ತರಗಳ ಒಂದು ಕೋಷ್ಟಕ, ಪ್ರತಿ ಕಲ್ಲಿಗೆ ಸ್ಥಳಗುರುತು ಮತ್ತು ಅಳತೆಪಟ್ಟಿ ಇಟ್ಟು ತೆಗೆದ ಫೋಟೊ, ಮೇಲೆ ಹತ್ತು ಪುಟಗಳ ಬರಹ. ಇಷ್ಟೇ ಮಾಡಿದರೂ ಮುಂದೆ ಆ ತಾಲೂಕಿನ ಇತಿಹಾಸಕ್ಕೆ ಕೈಹಾಕುವ ಪ್ರತಿಯೊಬ್ಬನೂ ನಿಮ್ಮ ಕೋಷ್ಟಕ ತೆರೆಯಬೇಕಾಗುತ್ತದೆ. ಇದಕ್ಕೆ ಹಳಗನ್ನಡ ಲಿಪಿಯನ್ನು ಪೂರ್ತಿ ಓದಲು ಬರಬೇಕೆಂದೇನೂ ಇಲ್ಲ. ಮೊದಲ ಎರಡು ಸಾಲುಗಳನ್ನು ಪಾಠದೊಂದಿಗೆ ತಾಳೆ ನೋಡುವಷ್ಟು ಬಂದರೆ ಸಾಕು, ಅದನ್ನು ಒಂದು ಬೇಸಿಗೆಯಲ್ಲಿ ಕಲಿಯಬಹುದು.

ಅಕ್ಷರ ಕಾಣಲಿ ಎಂದು ಕಲ್ಲಿನ ಮೇಲೆ ಸೀಮೆಸುಣ್ಣವನ್ನಾಗಲಿ ಹಿಟ್ಟನ್ನಾಗಲಿ ಉಜ್ಜಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿನಿಂದ ಹಾಯಿಸಿ. ಎದುರಿನ ಬೆಳಕಿನಲ್ಲಿ ಸಪಾಟಾಗಿ ಕಾಣುವ ಕಲ್ಲಿನಿಂದ ಸಾಲು ಸಾಲು ಅಕ್ಷರಗಳು ಎದ್ದು ಬರುತ್ತವೆ.

ಇನ್ನೊಂದು ಮಾತು ನಿಮ್ಮ ಜಿಲ್ಲೆಯವರಿಗೇ ಬೇಕಾದದ್ದು. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ನಿಮ್ಮ ಊರನ್ನು ಧಾರವಾಡ ಜಿಲ್ಲೆಯಲ್ಲಿ ಹುಡುಕಬೇಕು. 1884ರ ಮುಂಬೈ ಪ್ರಾಂತ್ಯದ ಗೆಜೆಟಿಯರ್‌ನ 22ನೆಯ ಸಂಪುಟ ಪೂರ್ತಿ ಧಾರವಾಡ ಜಿಲ್ಲೆಗೆ ಸಂಬಂಧಿಸಿದ್ದು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಹಾವೇರಿ ತಾಲೂಕು ಎಂದು ಹುಡುಕಿದರೆ ನಿಮಗೆ ಏನೂ ಸಿಗದು, ಕರಜಗಿ ತಾಲೂಕು ಎಂದು ನೋಡಬೇಕು. ಹಿರೇಕೆರೂರಿಗೆ ಕೋಡ, ಶಿಗ್ಗಾವಿಗೆ ಬಂಕಾಪುರ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೂ ಸೇರಿದ್ದವು, ಸವಣೂರು ನವಾಬರದಾಗಿತ್ತು. ಹೀಗಾಗಿ ನೆರೆಯ ಎರಡು ಹಳ್ಳಿಗಳ ನೂರು ವರ್ಷ ಹಿಂದಿನ ಕಾಗದಪತ್ರಗಳು ಬೇರೆ ಬೇರೆ ಕಚೇರಿಗಳ ದಾರಿ ಹಿಡಿದಿರುತ್ತವೆ. ಇದನ್ನು ತಿಳಿಯದ ಎಷ್ಟೋ ವಿದ್ಯಾರ್ಥಿಗಳು ನಮ್ಮ ಊರಿನ ಬಗ್ಗೆ ಏನೂ ದಾಖಲೆಯಿಲ್ಲ ಎಂದು ಕೈಚೆಲ್ಲುತ್ತಾರೆ.

ನಿಮ್ಮ ಅರ್ಥಶಾಸ್ತ್ರಕ್ಕೆ ಒಂದು ಪ್ರಶ್ನೆ ಇದೆ, ಅದು ನನಗೆ ಬಹಳ ಇಷ್ಟವಾದದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಆ ಮೇಲೆ ನಿಮ್ಮ ಕಾಲೇಜಿಗೆ ಇನ್ನಷ್ಟು ದೂರದ ಹಳ್ಳಿಗಳಿಂದ ಹುಡುಗಿಯರು ಸೇರತೊಡಗಿದರೇ? ಇದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಕಾಲೇಜಿನ ಕಚೇರಿಯ ಕಪಾಟಿನಲ್ಲೇ ಇದೆ, ಪ್ರವೇಶದ ದಾಖಲಾತಿ ಪುಸ್ತಕ. ಪ್ರಾಂಶುಪಾಲರ ಲಿಖಿತ ಅನುಮತಿ ಪಡೆಯಿರಿ. ಹೆಸರು, ಜಾತಿ, ಫೋನ್ ಸಂಖ್ಯೆ ಯಾವುದನ್ನೂ ಬರೆದುಕೊಳ್ಳದೆ ವರ್ಷ, ಹುಡುಗ ಅಥವಾ ಹುಡುಗಿ, ಊರು ಇಷ್ಟನ್ನೇ ತೆಗೆದುಕೊಳ್ಳಿ. ಯೋಜನೆಗೆ ಮುಂಚಿನ ಎರಡು ವರ್ಷ, ನಂತರದ ಎರಡು ವರ್ಷ. ಊರಿನಿಂದ ಕಾಲೇಜಿಗೆ ರಸ್ತೆಯ ದೂರವನ್ನು ನಕ್ಷೆಯಲ್ಲಿ ಅಳೆಯಿರಿ.

ಇಲ್ಲಿಂದ ಮುಂದೆ ಯೋಚನೆ ಬೇಕು. ವಿಜಯಪುರದಿಂದ ಬಂದು ಹಾಸ್ಟೆಲಿನಲ್ಲಿರುವ ಒಬ್ಬಳು ವಿದ್ಯಾರ್ಥಿನಿ ಇಡೀ ವರ್ಗದ ಸರಾಸರಿ ದೂರವನ್ನು ಮೇಲೆತ್ತಿಬಿಡುತ್ತಾಳೆ. ಆದ್ದರಿಂದ ಸರಾಸರಿಯ ಬದಲು ಮಧ್ಯಾಂಕ, ಅಂದರೆ ದೂರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, ಬಳಸಿ. ಹುಡುಗಿಯರ ದೂರ ಹೆಚ್ಚಿತು ಎಂದು ಕಂಡ ತಕ್ಷಣ ಅದು ಶಕ್ತಿ ಯೋಜನೆಯ ಫಲ ಎಂದು ಬರೆಯಬೇಡಿ. ಹೊಸ ರಸ್ತೆ ಆಗಿರಬಹುದು, ಹೊಸ ಬಸ್ಸು ಬಿಟ್ಟಿರಬಹುದು, ಪಕ್ಕದ ಊರಿನ ಕಾಲೇಜಿನಲ್ಲಿ ಒಂದು ವಿಭಾಗ ಮುಚ್ಚಿರಬಹುದು. ಅದಕ್ಕೇ ಹುಡುಗರನ್ನೂ ಎಣಿಸಬೇಕು. ಅವರಿಗೆ ಉಚಿತ ಪ್ರಯಾಣ ಇಲ್ಲ, ಉಳಿದ ಬದಲಾವಣೆಗಳೆಲ್ಲ ಅವರಿಗೂ ಆಗಿವೆ. ಇಬ್ಬರ ದೂರವೂ ಒಂದೇ ಸಮ ಹೆಚ್ಚಿದ್ದರೆ ಕಾರಣ ಬೇರೆ. ಹುಡುಗಿಯರದು ಮಾತ್ರ ಹೆಚ್ಚಿದ್ದರೆ ನಿಮ್ಮ ಊಹೆಗೆ ಬಲ ಬರುತ್ತದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಮೊದಲಿನಿಂದಲೂ ಇದ್ದುದರಿಂದ ಏನೂ ಬದಲಾಗದೆಯೂ ಇರಬಹುದು. ಏನೂ ಬದಲಾಗಲಿಲ್ಲ ಎಂಬುದೂ ಫಲಿತಾಂಶವೇ, ಅದನ್ನು ಧೈರ್ಯವಾಗಿ ಬರೆಯಿರಿ. ಬಸ್ ನಿಲ್ದಾಣದಲ್ಲಿ ನಿಂತು ಸಿಕ್ಕವರನ್ನು ಕೇಳಿ ಮಾಡುವ ಸಮೀಕ್ಷೆಗಿಂತ ಇದು ಎಷ್ಟೋ ಗಟ್ಟಿ. ನಿಲ್ದಾಣದಲ್ಲಿ ಸಿಗುವವರು ಬಸ್ಸಿಗೆ ಬರುವವರು ಮಾತ್ರ, ಬಸ್ಸಿಲ್ಲದೆ ಓದು ಬಿಟ್ಟವರು ಅಲ್ಲಿ ನಿಂತಿರುವುದಿಲ್ಲ. ಸಮೀಕ್ಷೆಯನ್ನೇ ಮಾಡುವುದಾದರೆ ಇದನ್ನು ನೆನಪಿಡಿ: ಸರಿಯಾದ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ನೂರು ಜನರ ಉತ್ತರದಲ್ಲಿ ಸುಮಾರು ಶೇಕಡ 10ರಷ್ಟು ಆಚೀಚೆ ಇದ್ದೇ ಇರುತ್ತದೆ. ಅದನ್ನು 5ಕ್ಕೆ ಇಳಿಸಲು 400 ಜನರು ಬೇಕು. ಶೇಕಡ 52 ಮತ್ತು 48ರ ನಡುವಿನ ಅಂತರವನ್ನು ನೂರು ಜನರಿಂದ ಹೇಳಲಾಗದು.

ಇನ್ನು ನಿಮ್ಮ ತಂಗಿಯ ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಹೆಸರು ಖಾರಕ್ಕಿಂತ ಬಣ್ಣಕ್ಕೆ. ವ್ಯಾಪಾರಿಗಳು ಬೆಲೆ ಕಟ್ಟುವುದೂ ಕಾರ್ಖಾನೆಗಳು ಓಲಿಯೊರೆಸಿನ್ ಎಂಬ ಗಟ್ಟಿ ಸಾರ ತೆಗೆಯುವುದೂ ಆ ಬಣ್ಣದ ಆಸೆಯಿಂದ. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್, ಕ್ಯಾಪ್ಸೊರೂಬಿನ್ ಮುಂತಾದ ಕೆರೋಟಿನಾಯ್ಡ್‌ಗಳು. ಬೆಳಕು, ಆಮ್ಲಜನಕ, ಶಾಖ ಮೂರೂ ಅವನ್ನು ಕೆಡಿಸುತ್ತವೆ. ಇಷ್ಟು ಪುಸ್ತಕದಲ್ಲಿದೆ. ಇದರಿಂದ ಪ್ರಶ್ನೆ ಹುಟ್ಟಿಸೋಣ: ಒಂದೇ ಲಾಟಿನ ಮೆಣಸಿನಪುಡಿಯನ್ನು ಕಿಟಕಿಯ ಬಳಿ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ, ಅಡುಗೆಮನೆಯ ತಗಡಿನ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಇಟ್ಟರೆ 12 ವಾರಗಳಲ್ಲಿ ಬಣ್ಣ ಎಷ್ಟೆಷ್ಟು ಇಳಿಯುತ್ತದೆ? ವರ್ಷದ ಖಾರದಪುಡಿಯನ್ನು ಒಮ್ಮೆಲೇ ಕುಟ್ಟಿಸಿ ಇಡುವ ನಮ್ಮ ಮನೆಗಳಿಗೆ ಇದರ ಉತ್ತರ ನೇರವಾಗಿ ಬೇಕು.

ಅಳೆಯುವ ವಿಧಾನ ಜಗತ್ತಿನ ಸಾಂಬಾರ ವ್ಯಾಪಾರದಲ್ಲಿ ನಿಶ್ಚಿತವಾಗಿರುವ ಅಸ್ಟಾ (ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘ) ವಿಧಾನ. ಪುಡಿಯನ್ನು 0.1 ಗ್ರಾಂ ಆಸುಪಾಸಿನಲ್ಲಿ ನಿಖರವಾಗಿ ತೂಗಿ, ಅಸಿಟೋನ್ ಸೇರಿಸಿ 100 ಮಿಲಿಲೀಟರ್ ಮಾಡಿ, ಬಿರಡೆ ಹಾಕಿ ಕತ್ತಲಲ್ಲಿ 16 ಗಂಟೆ ಇಡುವುದು. ಮೇಲಿನ ತಿಳಿ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬ ಅಳತೆಯನ್ನು (ಹೀರಿಕೆ) 460 ನ್ಯಾನೊಮೀಟರ್‌ನಲ್ಲಿ ಓದುವುದು. ಆ ಸಂಖ್ಯೆಯನ್ನು 16.4ರಿಂದ ಗುಣಿಸಿ ಪುಡಿಯ ಗ್ರಾಂ ತೂಕದಿಂದ ಭಾಗಿಸಿದರೆ ಬಣ್ಣದ ಮೌಲ್ಯ, ಅದಕ್ಕೆ ಉಪಕರಣದ ತಿದ್ದುಪಡಿಯೊಂದು ಸೇರುತ್ತದೆ. ಹೀರಿಕೆ 0.80, ತೂಕ 0.10 ಗ್ರಾಂ ಇದ್ದರೆ ಸುಮಾರು 131. ಕಾಲೇಜಿನಲ್ಲಿ ಸ್ಪೆಕ್ಟ್ರೊಫೋಟೊಮೀಟರ್ ಇಲ್ಲದಿದ್ದರೆ ನೀಲಿ ಫಿಲ್ಟರ್‌ನ ಮಾಮೂಲಿ ಕಲರಿಮೀಟರ್ ಸಾಕು. ಆಗ ಅಸ್ಟಾ ಮೌಲ್ಯ ಎಂದು ಹೇಳಿಕೊಳ್ಳುವಂತಿಲ್ಲ, ಮೊದಲ ದಿನದ ಶೇಕಡ ಎಷ್ಟು ಉಳಿಯಿತು ಎಂದು ಹೇಳಬಹುದು. ನಿಮ್ಮ ಪ್ರಶ್ನೆಗೆ ಅದೇ ಬೇಕಾದದ್ದು. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಉರಿಯ ಹತ್ತಿರ ತರಬಾರದು. ಈ ಕೆಲಸ ಕಾಲೇಜಿನಲ್ಲಿ ಅಧ್ಯಾಪಕರ ಸಮ್ಮುಖದಲ್ಲೇ ಆಗಬೇಕು.

ಒಂದು ಸೂಕ್ಷ್ಮವನ್ನು ಅವಳಿಗೆ ಒತ್ತಿ ಹೇಳಿ. ಮೂರು ಸಲ ಅಳೆಯಬೇಕು ಎಂದು ಎಲ್ಲರೂ ಕಲಿಸುತ್ತಾರೆ, ಮೂರು ಏನು ಎಂದು ಯಾರೂ ಹೇಳುವುದಿಲ್ಲ. ಒಂದೇ ಡಬ್ಬಿಯಿಂದ ಮೂರು ಚಿಟಿಕೆ ತೆಗೆದು ಅಳೆದರೆ ಅವಳ ತಕ್ಕಡಿ ಮತ್ತು ಕೈಚಳಕ ಎಷ್ಟು ನಂಬಿಕಸ್ತ ಎಂಬುದಷ್ಟೇ ತಿಳಿಯುತ್ತದೆ. ಡಬ್ಬಿಯಲ್ಲಿಟ್ಟದ್ದಕ್ಕೂ ಚೀಲದಲ್ಲಿಟ್ಟದ್ದಕ್ಕೂ ವ್ಯತ್ಯಾಸವಿದೆ ಎನ್ನಬೇಕಾದರೆ ಮೂರು ಬೇರೆ ಡಬ್ಬಿಗಳು, ಮೂರು ಬೇರೆ ಚೀಲಗಳು ಇರಬೇಕು. ಮೂರು ಬಗೆ, ಪ್ರತಿ ಬಗೆಗೆ ಮೂರು ಪಾತ್ರೆ, ಮೊದಲ ದಿನವನ್ನೂ ಸೇರಿಸಿ ಎರಡು ವಾರಕ್ಕೊಮ್ಮೆ ಎಂದರೆ ಏಳು ಸಲ: ಒಟ್ಟು 63 ಅಳತೆ. ಇದು ಒಬ್ಬ ವಿದ್ಯಾರ್ಥಿನಿಯ ಕೈಯಲ್ಲಿ ಆಗುವ ಕೆಲಸ. ತೇವ ಹೀರಿಕೊಂಡ ಪುಡಿ ತೂಕದಲ್ಲಿ ಹೆಚ್ಚಾಗಿ ಬಣ್ಣ ಕಡಿಮೆಯಾದಂತೆ ಕಾಣಿಸುತ್ತದೆ. ಆದ್ದರಿಂದ ಪ್ರತಿ ಸಲವೂ ಬೇರೆ ಸ್ವಲ್ಪ ಪುಡಿಯಲ್ಲಿ ತೇವಾಂಶವನ್ನೂ ನೋಡಿಕೊಳ್ಳಬೇಕು.

ಅವಳ ಪ್ರಾಣಿಶಾಸ್ತ್ರಕ್ಕೆ ನಿಮ್ಮ ಜಿಲ್ಲೆಯ ಮಾಗಡಿ ಕೆರೆ ಇದೆ. ಶಿರಹಟ್ಟಿ ತಾಲೂಕಿನ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಮಂಗೋಲಿಯಾ, ಟಿಬೆಟ್‌ಗಳ ಕಡೆ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ಎಷ್ಟು ಹಕ್ಕಿ ಬಂದವು ಎಂದು ಪತ್ರಿಕೆಗಳಲ್ಲಿ ಪ್ರತಿ ವರ್ಷ ಒಂದು ದುಂಡು ಸಂಖ್ಯೆ ಬರುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ: ಒಂದೇ ಹಿಂಡನ್ನು ಇಬ್ಬರು ಮಾತಾಡಿಕೊಳ್ಳದೆ ಒಂದೇ ಹೊತ್ತಿಗೆ ಎಣಿಸಿದರೆ ಅವರ ಸಂಖ್ಯೆಗಳು ಎಷ್ಟು ಹೊಂದುತ್ತವೆ? ಹಿಂಡು ದೊಡ್ಡದಾದಂತೆ ವ್ಯತ್ಯಾಸವೂ ಬೆಳೆಯುತ್ತದೆಯೇ? ದಂಡೆಯಿಂದ ದುರ್ಬೀನು ಹಿಡಿದು ಹಾಗೂ ಹಿಂಡಿನ ಫೋಟೊ ಮೇಲೆ ಚುಕ್ಕೆ ಇಟ್ಟು ಎಣಿಸಿದರೆ ಯಾವುದು ಹೆಚ್ಚು ನಂಬಿಕೆಗೆ ಅರ್ಹ? ಇದರ ಉತ್ತರ ಆ ದುಂಡು ಸಂಖ್ಯೆಗಳನ್ನೆಲ್ಲ ಓದುವ ಬಗೆಯನ್ನೇ ಬದಲಿಸುತ್ತದೆ. ದಂಡೆಯಿಂದಲೇ ನೋಡಬೇಕು, ಹತ್ತಿರ ಹೋಗಿ ಹಕ್ಕಿಗಳನ್ನು ಎಬ್ಬಿಸಬಾರದು. ಅರಣ್ಯ ಇಲಾಖೆಗೆ ಮೊದಲೇ ಪತ್ರ ಬರೆಯಬೇಕು. ಹಿಡಿಯುವುದು, ಮುಟ್ಟುವುದು, ಗರಿ ಅಥವಾ ಮೊಟ್ಟೆ ಸಂಗ್ರಹಿಸುವುದು ವನ್ಯಜೀವಿ ಕಾಯ್ದೆಯ ಅನುಮತಿಯಿಲ್ಲದೆ ಆಗದು, ಪದವಿ ವಿದ್ಯಾರ್ಥಿಗಳಿಗೆ ಅದರ ಅಗತ್ಯವೂ ಇಲ್ಲ.

ಟಿಪ್ಪಣಿ ಪುಸ್ತಕದ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟಿನ ಮನುಷ್ಯ. ಬಿಡಿ ಹಾಳೆ ಬೇಡ, ಹೊಲಿದ ಪುಸ್ತಕ ಬೇಕು. ಮೊದಲ ದಿನವೇ ಎಲ್ಲ ಪುಟಗಳಿಗೂ ಸಂಖ್ಯೆ ಹಾಕಿ. ಪೆನ್ಸಿಲ್ ಬೇಡ, ಪೆನ್ನಿನಲ್ಲಿ ಬರೆಯಿರಿ. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ ಎಳೆಯಿರಿ, ಕೆಳಗಿನದು ಓದಲು ಬರುವಂತಿರಲಿ. ದಿನಾಂಕ, ಹೊತ್ತು, ಸ್ಥಳ, ಮೋಡವೋ ಬಿಸಿಲೋ ಎಲ್ಲ ಇರಲಿ. ಪ್ರತಿ ಸಂಜೆ ಆ ದಿನದ ಪುಟಗಳ ಫೋಟೊ ತೆಗೆದು ಇನ್ನೊಬ್ಬರಿಗೆ ಕಳುಹಿಸಿ. ಕಂಪ್ಯೂಟರಿಗೆ ಏರಿಸಿದ ಮೂಲ ಕೋಷ್ಟಕವನ್ನು ಮುಟ್ಟದೆ ಇಟ್ಟು, ಲೆಕ್ಕವನ್ನೆಲ್ಲ ಅದರ ಪ್ರತಿಯಲ್ಲಿ ಮಾಡಿ. ನಿರೀಕ್ಷೆಗೆ ಹೊಂದದ ಅಂಕಿಯನ್ನು ಅಳಿಸಬೇಕು ಎನಿಸಿದಾಗ ಅಳಿಸದೆ, ಅದು ಏಕೆ ಹಾಗೆ ಬಂದಿರಬಹುದು ಎಂದು ಪಕ್ಕದಲ್ಲಿ ಬರೆಯಿರಿ. ಅಂಕಿ ಸುಳ್ಳಾದರೆ ಉಳಿದ ಯಾವ ಶ್ರಮಕ್ಕೂ ಬೆಲೆಯಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ಪರೀಕ್ಷೆಯಲ್ಲಿ ‘ಸರಿಯಾದ ಉತ್ತರ’ಕ್ಕೆ ಅಂಕಿ ಹೊಂದಿಸುವ ಅಭ್ಯಾಸ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸುವುದೇ ಮಾರ್ಗದರ್ಶಕರ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ.

ಜನರನ್ನು ಮಾತನಾಡಿಸುವ ಕೆಲಸವಿದ್ದರೆ, ನೀವು ಯಾರು, ಏಕೆ ಕೇಳುತ್ತಿದ್ದೀರಿ, ಉತ್ತರವನ್ನು ಏನು ಮಾಡುತ್ತೀರಿ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಬೇಡ ಎಂದವರನ್ನು ಒತ್ತಾಯಿಸಬೇಡಿ. ಧ್ವನಿಮುದ್ರಣಕ್ಕೆ ಬೇರೆಯಾಗಿ ಕೇಳಿ. ಹದಿನೆಂಟಕ್ಕಿಂತ ಚಿಕ್ಕವರಾದರೆ ಪಾಲಕರ ಒಪ್ಪಿಗೆ ಬೇಕು. ಕೆಲಸ ಮುಗಿದ ಮೇಲೆ ಅದೇ ಹಳ್ಳಿಗೆ ಹೋಗಿ ಏನು ತಿಳಿಯಿತು ಎಂದು ಹೇಳಿ ಬನ್ನಿ. ಇದನ್ನು ಯಾವ ನಿಯಮವೂ ಕೇಳುವುದಿಲ್ಲ, ನಾನು ಕೇಳುತ್ತೇನೆ.

ಮಾರ್ಗದರ್ಶಕರ ಪ್ರಶ್ನೆ. ಮೊದಲು ನಿಮ್ಮ ಕಾಲೇಜಿನ ಅಧ್ಯಾಪಕರ ಬಳಿಯೇ ಹೋಗಿ. ಪಾಠ, ಮೌಲ್ಯಮಾಪನ, ಪ್ರವೇಶ, ಚುನಾವಣೆ ಕೆಲಸಗಳ ನಡುವೆ ಅವರಿಗೆ ಬಿಡುವು ಕಡಿಮೆ, ಆದರೆ ವಿದ್ಯಾರ್ಥಿಯೊಬ್ಬ ಸಿದ್ಧವಾಗಿ ಬಂದರೆ ಅವರಲ್ಲಿ ಬಹಳ ಜನ ಕರಗುತ್ತಾರೆ. ‘ಸರ್, ಸಂಶೋಧನೆ ಮಾಡಬೇಕು, ವಿಷಯ ಕೊಡಿ’ ಎಂದು ಬರಿಗೈಯಲ್ಲಿ ಹೋಗಬೇಡಿ. ಒಂದು ಪುಟದ ಬರಹ ಒಯ್ಯಿರಿ: ಪ್ರಶ್ನೆ ಏನು, ಈ ಬಗ್ಗೆ ಏನೇನು ಓದಿದ್ದೀರಿ, ಹೇಗೆ ಮಾಡುವಿರಿ, ಎಲ್ಲಿ ಅಡಚಣೆ ಬಂದಿದೆ, ಅವರಿಂದ ಏನು ಬೇಕು. ಬೇಕಾದದ್ದು ನಿರ್ದಿಷ್ಟವಾಗಿರಲಿ. ‘ತಿಂಗಳಿಗೆ ಎರಡು ಮಧ್ಯಾಹ್ನ ಸ್ಪೆಕ್ಟ್ರೊಫೋಟೊಮೀಟರ್ ಬಳಸಲು ಅವಕಾಶ’ ಎಂದು ಕೇಳಿದರೆ ಹೌದು ಎನ್ನುವುದು ಸುಲಭ. ಅದೇ ಪುಟವನ್ನು ಅಧ್ಯಾಪಕರ ಸಹಿಯೊಂದಿಗೆ ಧಾರವಾಡಕ್ಕೂ ಕಳುಹಿಸಬಹುದು. ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗಗಳು, ಮೆಣಸಿನಕಾಯಿಯಂಥ ಬೆಳೆಗಳಿಗೆ ಕೃಷಿ ವಿಶ್ವವಿದ್ಯಾಲಯ, ಶಾಸನಗಳಿಗೆ 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ, ಇವೆಲ್ಲ ನಿಮ್ಮಿಂದ ಒಂದು ಹಗಲಿನ ಪ್ರಯಾಣದೊಳಗೆ ಇವೆ. ಜನಪದದ ಪ್ರಶ್ನೆಯಾದರೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹಿಂದಿನ ಪಿಎಚ್.ಡಿ. ಪ್ರಬಂಧಗಳನ್ನು ಅಂತರ್ಜಾಲದ ಶೋಧಗಂಗಾ ಭಂಡಾರದಲ್ಲಿ ಮನೆಯಿಂದಲೇ ಓದಬಹುದು. ನಿಮ್ಮ ಪ್ರಶ್ನೆಗೆ ಯಾರಾದರೂ ಆಗಲೇ ಉತ್ತರಿಸಿದ್ದಾರೆಯೇ ಎಂದು ಮೊದಲು ಅಲ್ಲಿ ನೋಡಿ.

ತಂಗಿಗೆ ಇನ್ನೊಂದು ಬಾಗಿಲು ಇದೆ: ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ, ಅಧ್ಯಾಪಕರ ಶಿಫಾರಸು ಬೇಕು. ಸಣ್ಣದಾದರೂ ಸ್ವಂತ ಕೆಲಸ ಮಾಡಿದವರಿಗೆ ಆ ಅರ್ಜಿಯಲ್ಲಿ ಬರೆಯಲು ಏನಾದರೂ ಇರುತ್ತದೆ.

ಹಣ ಕೊಟ್ಟರೆ ವಾರದಲ್ಲಿ ಪ್ರಕಟಿಸುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಾರದೊಳಗೆ ಯಾರೂ ನಿಮ್ಮ ಬರಹವನ್ನು ಓದಿ ಪರೀಕ್ಷಿಸಿರುವುದಿಲ್ಲ. ಅಂಥ ಪತ್ರಿಕೆಯಲ್ಲಿ ಬಂದ ಒಳ್ಳೆಯ ಕೆಲಸವನ್ನೂ ಮುಂದೆ ಬಲ್ಲವರು ಅನುಮಾನದಿಂದ ನೋಡುತ್ತಾರೆ, ಅದೇ ಫಲಿತಾಂಶವನ್ನು ಇನ್ನೊಂದು ಕಡೆ ಪ್ರಕಟಿಸಲೂ ಬರುವುದಿಲ್ಲ. ಯುಜಿಸಿ ತಾನು ಒಪ್ಪಿದ ಸಂಶೋಧನ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ. ಪಟ್ಟಿಯಲ್ಲಿದೆ ಎಂದು ಈಗಲೂ ಜಾಹೀರಾತು ಮಾಡುವವರನ್ನು ದೂರವಿಡಿ. ಪದವಿ ಹಂತದಲ್ಲಿ ಪ್ರಕಟಣೆ ಆಗಲೇಬೇಕೆಂದಿಲ್ಲ. ಕಾಲೇಜಿನಲ್ಲಿ ಸಹಪಾಠಿಗಳ ಮುಂದೆ ಅರ್ಧ ಗಂಟೆ ಮಾತನಾಡಿ, ಪ್ರಶ್ನೆಗಳನ್ನು ಎದುರಿಸಿ. ವರದಿಯನ್ನೂ ಮೂಲ ಕೋಷ್ಟಕವನ್ನೂ ಕಾಲೇಜು ಗ್ರಂಥಾಲಯದಲ್ಲಿ ಇಡಿಸಿ. ಮುಂದಿನ ವರ್ಷದ ವಿದ್ಯಾರ್ಥಿ ಅಲ್ಲಿಂದ ಮುಂದುವರಿಸಲಿ.

ಬರೆಯುವುದು ನಿಮ್ಮ ಮಾತಿನಲ್ಲೇ ಆಗಬೇಕು. ಯುಜಿಸಿಯ 2018ರ ನಿಯಮಗಳು ಶೇಕಡ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ ಎಂದ ಮಾತ್ರಕ್ಕೆ ಒಂಬತ್ತು ಶೇಕಡ ನಕಲು ಮಾಡಲು ಪರವಾನಗಿ ಸಿಕ್ಕಿತೆಂದು ತಿಳಿಯಬಾರದು. ಮೊಬೈಲಿನ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪುಟಗಳನ್ನು ನಾನು ಬಹಳ ನೋಡುತ್ತಿದ್ದೇನೆ. ಭಾಷೆ ನುಣುಪಾಗಿರುತ್ತದೆ, ಉಲ್ಲೇಖಿಸಿದ ಪುಸ್ತಕ ಎಲ್ಲಿಯೂ ಇರುವುದಿಲ್ಲ. ವ್ಯಾಕರಣ ತಿದ್ದಿಸಿಕೊಳ್ಳಿ, ಕಷ್ಟದ ಇಂಗ್ಲಿಷ್ ಪರಿಚ್ಛೇದವನ್ನು ಅರ್ಥ ಮಾಡಿಕೊಳ್ಳಲು ಬಳಸಿ, ಆಧಾರವೆಂದು ಮಾತ್ರ ಅದನ್ನು ನಂಬಬೇಡಿ. ಇಂಗ್ಲಿಷಿನಲ್ಲೇ ಬರೆಯಬೇಕೇ ಎಂಬ ಅನುಮಾನ ನಿಮಗಿದ್ದರೆ, ಇತಿಹಾಸದ ಕೆಲಸವನ್ನು ಕನ್ನಡದಲ್ಲೇ ಬರೆಯಿರಿ. ಶಾಸನವೂ ಕನ್ನಡದ್ದು, ಓದಬೇಕಾದ ಊರೂ ಕನ್ನಡದ್ದು. ತಂಗಿ ತನ್ನ ವರದಿಯನ್ನು ಕನ್ನಡದಲ್ಲಿ ಬರೆದು, ಸಾರಾಂಶ ಮತ್ತು ಕೋಷ್ಟಕಗಳನ್ನು ಇಂಗ್ಲಿಷಿನಲ್ಲೂ ಕೊಟ್ಟರೆ ಎರಡೂ ಕಡೆಯವರಿಗೆ ಉಪಯೋಗ.

ಹೊತ್ತಿನ ಲೆಕ್ಕ ಹೀಗೆ ಹಾಕಿಕೊಳ್ಳಿ. ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಬಂದು ಮಾರ್ಚ್‌ವರೆಗೆ ಇರುತ್ತವೆ. ಹೊಸ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ತುಂಬಿ ಬರುವುದು ಜನವರಿಯ ಮೇಲೆ. ಆಗ ಲಾಟು ಕೊಂಡರೆ 12 ವಾರ ಮುಗಿಯುವಷ್ಟರಲ್ಲಿ ಪರೀಕ್ಷೆಗಳು ಹತ್ತಿರವಾಗುತ್ತವೆ. ಆದ್ದರಿಂದ ವಿಧಾನವನ್ನು ಈಗಲೇ ಹಳೆಯ ಪುಡಿಯ ಮೇಲೆ ರೂಢಿ ಮಾಡಿಕೊಂಡಿರಲಿ. ನೀವು ಮಳೆಗಾಲದಲ್ಲಿ ಸಂಪುಟ ಓದಿ ಹಳ್ಳಿಗಳ ಪಟ್ಟಿ ಸಿದ್ಧಪಡಿಸಿ, ದೀಪಾವಳಿ ಕಳೆದು ಹೊಲದ ದಾರಿಗಳು ಒಣಗಿದ ಮೇಲೆ ಕಲ್ಲುಗಳನ್ನು ಹುಡುಕಲು ಹೊರಡಿ. ನಾಲ್ಕು ಪ್ರಶ್ನೆಗಳಿಗೂ ಒಟ್ಟಿಗೆ ಕೈಹಾಕದೆ ಇಬ್ಬರೂ ತಲಾ ಒಂದನ್ನು ಆರಿಸಿಕೊಳ್ಳಿ. ಆರಿಸಿಕೊಂಡ ಮೇಲೆ ಆ ಒಂದು ಪುಟದ ಬರಹವನ್ನು ಬರೆದು ನನಗೂ ಕಳುಹಿಸಿ. ಪ್ರಶ್ನೆ ಇನ್ನೂ ಅಗಲವಾಗಿದ್ದರೆ ಎಲ್ಲಿ ಕತ್ತರಿಸಬೇಕೆಂದು ಗುರುತು ಹಾಕಿ ಹಿಂದಿರುಗಿಸುತ್ತೇನೆ.